ನಾಯನ ಅಂದರೆ ಯಾರು ಅಂತ ಯಾರೂ ಕೇಳಲಿಲ್ಲ

ಪ್ರಶ್ನೆ: ನಾನು ಚಿಂತಾಮಣಿಯವನು. ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಯ ಕವಿಗಳ ಒಂದು ವಾಟ್ಸಾಪ್ ಗುಂಪು ನಡೆಸುತ್ತಿದ್ದೇನೆ. ಇನ್ನೂರರ ಹತ್ತಿರ ಜನ ಇದ್ದಾರೆ. ಮೇಷ್ಟ್ರು, ರೇಷ್ಮೆ ಬೆಳೆಗಾರರು, ಕಾಲೇಜು ಮಕ್ಕಳು, ಬ್ಯಾಂಕಿನವರು. ಹೋದ ತಿಂಗಳು ಬಾಗೇಪಲ್ಲಿ ಕಡೆಯ ಒಬ್ಬ ಹುಡುಗಿ ಬೋರ್‌ವೆಲ್ ಬಗ್ಗೆ ಕವಿತೆ ಹಾಕಿದರು. ಕೊನೆಯ ಸಾಲುಗಳು ಹೀಗಿದ್ದವು:

ಸಾವಿರದ ಇನ್ನೂರು ಅಡಿ ಇಳಿದ ಮೇಲೂ
ಬರೀ ಧೂಳು.
ನಾಯನ ಒದ್ದೆಯಾಗಲಿಲ್ಲ.

ಒಬ್ಬ ಹಿರಿಯರು, "ಅದು ನಾಯನ ಅಲ್ಲ, ನಯನ. ಮೊದಲು ಕಾಗುಣಿತ ಕಲಿ, ಛಂದಸ್ಸು ಕಲಿ, ಆಮೇಲೆ ಬಾ" ಎಂದು ಬರೆದರು. ಇನ್ನೊಬ್ಬರು, "ನಾಯನ ಅಂದರೆ ತೆಲುಗಿನಲ್ಲಿ ಅಪ್ಪ, ಅಷ್ಟೂ ಗೊತ್ತಿಲ್ವಾ?" ಎಂದರು. "ಹಾಗಾದರೆ ತೆಲುಗು ಗುಂಪಿಗೆ ಹೋಗಲಿ" ಎಂದು ಹಿರಿಯರು ಹೇಳಿದರು. ರಾತ್ರಿ ಹನ್ನೊಂದರವರೆಗೂ ಜಗಳ ನಡೆಯಿತು. ಕೊನೆಗೆ ಯಾರೋ ಜಾತಿ ಮಾತನ್ನೂ ಆಡಿದರು. ಹನ್ನೆರಡು ಜನ ಗುಂಪು ಬಿಟ್ಟರು. ಆ ಹುಡುಗಿ ಬಿಟ್ಟಿಲ್ಲ, ಆದರೆ ಆಮೇಲೆ ಒಂದು ಸಾಲೂ ಹಾಕಿಲ್ಲ. ಈಗ ಕೆಲವರು, "ಟೀಕೆಯೇ ಬೇಡ, ಮೆಚ್ಚುಗೆ ಮಾತ್ರ ಇರಲಿ" ಎನ್ನುತ್ತಿದ್ದಾರೆ. ಹಾಗೆ ಮಾಡಲೇ? ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ ಅಡ್ಮಿನ್ ಅಂತ ನನ್ನ ಮೇಲೆ ಕೇಸು ಬರುತ್ತದೆಯೇ?

ಉತ್ತರ:

ಟೀಕೆಯನ್ನು ನಿಲ್ಲಿಸಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಆ ಮೂರು ಸಾಲಿನ ಹತ್ತಿರ ಸ್ವಲ್ಪ ಹೊತ್ತು ಕೂರೋಣ. ಹನ್ನೊಂದು ಗಂಟೆವರೆಗೆ ನಡೆದ ಮಾತಿನಲ್ಲಿ ಆ ಸಾಲುಗಳ ಹತ್ತಿರ ಯಾರೂ ಕೂತ ಹಾಗೆ ಕಾಣುವುದಿಲ್ಲ.

ನಿಮ್ಮ ಕಡೆ ಬೋರ್ ಕೊರೆಯುವುದನ್ನು ನೋಡದವರು ಇಲ್ಲ. ಲಾರಿ ಬರುತ್ತದೆ. ಪೂಜೆ ಮಾಡಿ ಕಾಯಿ ಒಡೆಯುತ್ತಾರೆ. ಇಳಿದ ಒಂದೊಂದು ಅಡಿಗೂ ದುಡ್ಡಿನ ಲೆಕ್ಕ. ಗಾಳಿಯ ರಭಸಕ್ಕೆ ಕಲ್ಲಿನ ಪುಡಿ ಮೇಲೆ ಬರುತ್ತಲೇ ಇರುತ್ತದೆ. ಮನೆಯವರ ಮುಖ, ತಲೆ, ಬಟ್ಟೆ ಎಲ್ಲ ಬೂದಿ ಬಳಿದ ಹಾಗೆ ಆಗುತ್ತದೆ. ನೀರು ಸಿಕ್ಕರೆ ಮಾತ್ರ ಅದೇ ಕೊಳವೆಯ ಬಾಯಿಂದ ಕೆಸರು ನೀರು ಎದ್ದು ಸುತ್ತ ನಿಂತವರ ಮೇಲೆ ಸುರಿಯುತ್ತದೆ. ಆಗ ಯಾರೂ ಹಿಂದೆ ಸರಿಯುವುದಿಲ್ಲ. ನೆನೆಯುವುದಕ್ಕೇ ಅಷ್ಟು ಹೊತ್ತು ಕಾದಿರುತ್ತಾರೆ. ಈಗ ಆ ಕೊನೆಯ ಸಾಲು ಓದಿ. ಅಪ್ಪ ಒದ್ದೆಯಾಗಲಿಲ್ಲ. ನೀರು ಬರಲಿಲ್ಲ ಅಂತ ಆ ಹುಡುಗಿ ಬರೆದಿಲ್ಲ. ಸಾಲ ಮುಳುಗಿಸಿತು ಅಂತಲೂ ಬರೆದಿಲ್ಲ. ಒಣ ಬಟ್ಟೆಯಲ್ಲಿ ನಿಂತ ಅಪ್ಪನನ್ನು ತೋರಿಸಿ ಸುಮ್ಮನಾಗಿದ್ದಾರೆ. ನಾನು ತುಮಕೂರಿನ ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು. ಇಷ್ಟು ಕಡಿಮೆ ಮಾತಲ್ಲಿ ಇಷ್ಟು ಹೇಳುವ ಸಾಲು ಕೈಗೆ ಸಿಗುವುದು ಅಪರೂಪ.

ಇನ್ನು ನಿಮ್ಮ ಹಿರಿಯರ ಓದು. ಅವರು 'ನಯನ' ಅಂದುಕೊಂಡರು. ನಯನ ಒದ್ದೆಯಾಗಲಿಲ್ಲ. ಅಂದರೆ ಕಣ್ಣಲ್ಲಿ ನೀರು ಬರಲಿಲ್ಲ. ಇದು ದಡ್ಡ ಓದಲ್ಲ. ಕನ್ನಡದಲ್ಲಿ 'ಆಗಲಿಲ್ಲ' ಎನ್ನುವ ರೂಪ ಅವನು, ಅವಳು, ಅದು, ಅವರು ಎಲ್ಲಕ್ಕೂ ಹೊಂದುತ್ತದೆ. 'ಒದ್ದೆಯಾದರು' ಅಂತ ಇದ್ದಿದ್ದರೆ ಅದು ಮನುಷ್ಯರಿಗೇ ಸಲ್ಲುವ ಮಾತು ಅಂತ ತಕ್ಷಣ ಗೊತ್ತಾಗುತ್ತಿತ್ತು. 'ಆಗಲಿಲ್ಲ' ಎಂದಾಗ ಅಪ್ಪನಿಗೂ ಸರಿ, ಕಣ್ಣಿಗೂ ಸರಿ. ಹಾಗಾಗಿ 'ನಾಯನ'ದ ಹಿಂದೆ 'ನಯನ'ದ ನೆರಳು ಬಿದ್ದಿದೆ. ಬೋರ್ ಬತ್ತಿದೆ, ಅಪ್ಪ ಒಣಗಿ ನಿಂತಿದ್ದಾರೆ, ಅಳುವುದಕ್ಕೂ ನೀರಿಲ್ಲ. ತಪ್ಪಾಗಿ ಓದಿದವರಿಂದಲೇ ಈ ಎರಡನೇ ಅರ್ಥ ನನಗೆ ಕಂಡಿತು.

ಆ ಹಿರಿಯರು ಹೀಗೆ ಬರೆದಿದ್ದರೆ ಏನಾಗುತ್ತಿತ್ತು ಯೋಚಿಸಿ: "ನಾಯನ ಅಂದರೆ ಏನಮ್ಮಾ? ನಾನು ನಯನ ಅಂತ ಓದಿಕೊಂಡೆ." ಹುಡುಗಿ, "ನಾವು ಅಪ್ಪನನ್ನು ಹಾಗೇ ಕರೆಯುವುದು ಸಾರ್" ಎನ್ನುತ್ತಿದ್ದರು. ಇನ್ಯಾರೋ, "ಅಯ್ಯೋ, ಎರಡೂ ಕೂಡುತ್ತದಲ್ಲ" ಎನ್ನುತ್ತಿದ್ದರು. ಆ ರಾತ್ರಿ ನಿಮ್ಮ ಗುಂಪಿನಲ್ಲಿ ಒಳ್ಳೆಯ ಮಾತುಕತೆ ಆಗಬೇಕಿತ್ತು. ಅದಕ್ಕೆ ಬೇಕಾದ್ದೆಲ್ಲ ಅಲ್ಲೇ ಇತ್ತು. ಒಳ್ಳೆಯ ಕವಿತೆ ಇತ್ತು, ಓದು ಬಲ್ಲ ಹಿರಿಯರಿದ್ದರು, ತೆಲುಗು ಬಲ್ಲವರೂ ಇದ್ದರು. ಒಂದು ಪ್ರಶ್ನೆ ಮಾತ್ರ ಇರಲಿಲ್ಲ. ನಾಯನ ಅಂದರೆ ತೆಲುಗು ಅಂತ ಬಿಡಿಸಿ ಹೇಳಿದವರೂ ಹಿರಿಯರನ್ನು ಚುಚ್ಚಿ ಹೇಳಿದರೇ ಹೊರತು ಬರೆದವರನ್ನು ಕೇಳಲಿಲ್ಲ.

ಅದಕ್ಕೇ ನಾನು ಹೇಳುವ ಮುಖ್ಯ ಮಾತು ಇದೊಂದೇ. ಭಿನ್ನಾಭಿಪ್ರಾಯ ಎಷ್ಟು ಬೇಕಾದರೂ ಇರಲಿ, ಆದರೆ ಅದು ಕವಿತೆಯ ಒಂದು ಸಾಲನ್ನು ಹಿಡಿದು ಪ್ರಶ್ನೆಯಾಗಿ ಶುರುವಾಗಲಿ. ಯಾವ ಸಾಲು ಅಂತ ಬರೆಯಲಿ. ತಾನು ಅದನ್ನು ಹೇಗೆ ಓದಿಕೊಂಡೆ ಅಂತ ಹೇಳಲಿ. ಅಲ್ಲೇನಾದರೂ ಅಡ್ಡಿ ಅನಿಸಿದರೆ ಕೇಳಲಿ. ಉತ್ತರ ಬಂದ ಮೇಲೆ, "ಆದರೂ ನನಗೆ ಇದು ಸರಿ ಕಾಣುವುದಿಲ್ಲ" ಎನ್ನಲು ಎಲ್ಲರಿಗೂ ಹಕ್ಕಿದೆ. ಗಟ್ಟಿಯಾಗಿಯೇ ಹೇಳಲಿ. ಓದಿಸಿಕೊಂಡ ಕವಿ ಗಟ್ಟಿ ಮಾತನ್ನೂ ತಡೆದುಕೊಳ್ಳುತ್ತಾನೆ. ಓದಿಸಿಕೊಳ್ಳದೇ ಬೈಸಿಕೊಂಡವರಿಗೆ ಮಾತ್ರ ಅದು ತಡೆಯುವುದಿಲ್ಲ.

"ಆಮೇಲೆ ಬಾ" ಎಂಬ ಮಾತಿಗೂ ಬರಬೇಕು. ಅಲ್ಲಿ ನೋವು ಮಾಡಿದ್ದು ಛಂದಸ್ಸಿನ ಸುದ್ದಿಗಿಂತ ಜಾಸ್ತಿ ಆ 'ಬಾ'. ನಮ್ಮ ಭಾಷೆಯಲ್ಲಿ ನೀನು, ನೀವು ಅಂತ ಎರಡಿದೆ. ಎದುರಿಗೆ ಕೂತಾಗ ಹಿರಿಯರು "ಬಾರಮ್ಮ, ಕೂತ್ಕೋ" ಅಂದರೆ ಅದರಲ್ಲಿ ಪ್ರೀತಿ ಇರುತ್ತದೆ. ಮುಖ ಕಾಣುತ್ತದೆ, ದನಿ ಕೇಳುತ್ತದೆ, ಕೈಯಲ್ಲಿ ಕಾಫಿ ಲೋಟ ಇರುತ್ತದೆ. ಅದೇ 'ಬಾ' ಇನ್ನೂರು ಜನರ ಮುಂದೆ ಬರೀ ಅಕ್ಷರವಾಗಿ ಬಿದ್ದರೆ ಏಕವಚನ ಒಂದೇ ಉಳಿಯುತ್ತದೆ. ಪ್ರೀತಿ ಸೋರಿಹೋಗಿರುತ್ತದೆ. ಹಿರಿಯರು, "ನಾನು ಮಗಳ ಹಾಗೆ ಅಂದುಕೊಂಡು ಹೇಳಿದೆ" ಅಂದರೆ ಅದು ಸುಳ್ಳಲ್ಲ. ಹುಡುಗಿ, "ನನಗೆ ಅವಮಾನ ಆಯಿತು" ಅಂದರೆ ಅದೂ ಸುಳ್ಳಲ್ಲ. ನಾನು ನೋಡಿದ ಗುಂಪಿನ ಜಗಳಗಳಲ್ಲಿ ಬಹಳಷ್ಟು ಈ ಒಂದು ಅಕ್ಷರದಿಂದ ಹತ್ತಿಕೊಂಡವು. ಹಾಗಾಗಿ ಗುಂಪಿನೊಳಗೆ ಎಲ್ಲರಿಗೂ ಬಹುವಚನ. ಹದಿನೆಂಟರ ಹುಡುಗನಿಗೂ, ಎಪ್ಪತ್ತರ ಮೇಷ್ಟ್ರಿಗೂ. ಬಾಲ್ಯದ ಗೆಳೆಯರು ಮನೆಯಲ್ಲಿ ಏನು ಬೇಕಾದರೂ ಕರೆದುಕೊಳ್ಳಲಿ. ಇದಕ್ಕೆ ವಿನಾಯಿತಿ ಕೊಡಲೇಬೇಡಿ, ಅತಿ ದೊಡ್ಡ ಕವಿಗೂ ಕೊಡಬೇಡಿ.

ಛಂದಸ್ಸಿನ ವಿಷಯವನ್ನು ನಾನು ಹಗುರ ಮಾಡುವುದಿಲ್ಲ. ಕಲಿತರೆ ಒಳ್ಳೆಯದು, ಎಲ್ಲರೂ ಕಲಿಯಬೇಕು. ಆದರೆ ಅದನ್ನು ಹೇಳಿಕೊಡುವ ರೀತಿ ಇದೆ. ಯಾರೋ ಭಾಮಿನಿ ಷಟ್ಪದಿ ಬರೆದಿದ್ದಾರೆ ಅಂತಿಟ್ಟುಕೊಳ್ಳಿ. ಮೊದಲ ಸಾಲು: "ಕೆರೆಯ ಏರಿಯ ಮೇಲೆ ನಿಂತಿದ್ದೆ." ಇದಕ್ಕೆ "ಛಂದಸ್ಸು ಬರಲ್ಲ" ಅಂದರೆ ಅದು ಮನುಷ್ಯನ ಮೇಲಿನ ಮಾತು. ಬದಲಿಗೆ ಹೀಗೆ ಹೇಳಬಹುದು. ಭಾಮಿನಿಯಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಯ ಗಣಗಳು ಬಂದು ಮೊದಲ ಸಾಲಿಗೆ 14 ಆಗಬೇಕು. 'ಕೆರೆಯ' ಮೂರು, 'ಏರಿಯ' ನಾಲ್ಕು, 'ಮೇಲೆ' ಮೂರು. ಇಲ್ಲಿಯವರೆಗೆ ಚೆನ್ನಾಗಿದೆ. 'ನಿಂತಿದ್ದೆ' ಅನ್ನುವಾಗ ಒತ್ತಕ್ಷರದ ಹಿಂದಿನ 'ತಿ' ಗುರುವಾಗಿ, ಅಂದರೆ ಎರಡು ಮಾತ್ರೆಯಾಗಿ, ಐದಾಯಿತು. 'ನಿಂತೆನು' ಅಂದರೆ ನಾಲ್ಕಕ್ಕೆ ಸರಿಹೋಗುತ್ತದೆ. ಇಷ್ಟು ಹೇಳಿದರೆ ಬರೆದವರು ಬೆರಳು ಮಡಚಿ ಎಣಿಸಿ ನೋಡುತ್ತಾರೆ. ಎಣಿಸಿದ ಮೇಲೆ ಜಗಳಕ್ಕೆ ಜಾಗ ಇರುವುದಿಲ್ಲ. ಒಂದು ವೇಳೆ ಅವರು, "ಗೊತ್ತು ಸಾರ್, ಆದರೆ ನಿಂತಿದ್ದೆ ಎಂಬುದರಲ್ಲಿರುವ ಕಾಯುವಿಕೆ ನಿಂತೆನು ಎಂಬುದರಲ್ಲಿ ಬರುವುದಿಲ್ಲ" ಅಂದರೋ, ಆಗ ನಿಜವಾದ ಭಿನ್ನಾಭಿಪ್ರಾಯ ಹುಟ್ಟಿತು. ಲಯ ಮುಖ್ಯವೋ, ಆ ಕ್ರಿಯಾಪದದ ಕಾಲ ಮುಖ್ಯವೋ? ಇಂಥ ಜಗಳ ವಾರ ಪೂರ್ತಿ ನಡೆಯಲಿ. ನನಗಂತೂ ಅದನ್ನು ಕೇಳುವ ಆಸೆ.

ಬೋರ್‌ವೆಲ್ ಕವಿತೆ ಷಟ್ಪದಿ ಅಲ್ಲ. ಅದು ಬಿಡಿ ಸಾಲುಗಳ ಕವಿತೆ. ಅದರ ಮುಂದೆ ಮಾತ್ರೆಯ ಅಳತೆಗೋಲು ಹಿಡಿಯುವುದು ಸರಿಯಲ್ಲ. ಬರೆದವರು ಯಾವ ರೂಪವನ್ನು ಆರಿಸಿಕೊಂಡಿದ್ದಾರೋ ಆ ರೂಪದ ನಿಯಮವನ್ನೇ ಕೇಳಬೇಕು. ಗಜಲ್ ಅಂತ ಹೆಸರು ಹಾಕಿದವರನ್ನು ರದೀಫ್ (ಸಾಲಿನ ಕೊನೆಗೆ ಮರಳಿ ಬರುವ ಪದ) ಎಲ್ಲಿ, ಕಾಫಿಯಾ (ಅದರ ಹಿಂದಿನ ಪ್ರಾಸ) ಎಲ್ಲಿ ಅಂತ ಕೇಳಿ, ಅದು ನ್ಯಾಯ. ಸುಮ್ನೆ ಕವಿತೆ ಅಂತ ಹಾಕಿದವರನ್ನು ಹಾಗೆ ಕೇಳಬೇಡಿ. ಇದಕ್ಕೆ ಒಂದು ಸಣ್ಣ ಉಪಾಯ ಇದೆ. ಕವಿತೆ ಹಾಕುವವರು ಮೇಲೆ ಒಂದು ಸಾಲು ಬರೆಯಲಿ. "ಓದಿ, ಅಷ್ಟೇ ಸಾಕು" ಅಂತ ಬರೆಯಬಹುದು. "ಅರ್ಥವಾಯಿತಾ ಹೇಳಿ" ಅನ್ನಬಹುದು. "ತಿದ್ದುಪಡಿ ಬೇಕು, ಬಿಚ್ಚಿ ಹೇಳಿ" ಅನ್ನಬಹುದು. ಅಪ್ಪ ತೀರಿಹೋದ ವಾರ ಬರೆದ ಕವಿತೆಗೆ ಯಾರೂ ಪ್ರಾಸ ತಿದ್ದಲು ಹೋಗಬಾರದು, ಅಲ್ವಾ? ಆದರೆ ಅದು ಅಂಥ ಕವಿತೆ ಅಂತ ಓದುವವರಿಗೆ ಗೊತ್ತಾಗಬೇಕಲ್ಲ.

ಪ್ರಾಸದ ಬಗ್ಗೆ ನಮ್ಮವರು ಜಗಳವಾಡುವುದು ಇವತ್ತಿನದಲ್ಲ. ಸಾಲಿನ ಎರಡನೇ ಅಕ್ಷರದ ಪ್ರಾಸ ಹಳೆಗನ್ನಡದ ಕಾಲದಿಂದ ಬಂದದ್ದು. ಮಂಜೇಶ್ವರದ ಗೋವಿಂದ ಪೈ 1911ರಲ್ಲಿ ಅದನ್ನು ಬಿಟ್ಟು ಬರೆಯತೊಡಗಿದರು. ಆಮೇಲೆ ನಮ್ಮ ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀ. ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತರುವಾಗ ಹೊಸ ಲಯಗಳನ್ನು ಕಟ್ಟಿದರು. ಒಪ್ಪದವರು ಇದ್ದರು. ಪ್ರಾಸ ಹೋದರೆ ಕಾವ್ಯವೇ ಹೋಯಿತು ಎಂದವರೂ ಕನ್ನಡವನ್ನು ಪ್ರೀತಿಸಿದವರೇ. ನಿಮ್ಮ ಗುಂಪಿನ ಹಿರಿಯರೂ ಅದೇ ಪ್ರೀತಿಯಿಂದ ಮಾತಾಡಿದ್ದಾರೆ. ಇದನ್ನು ಕಿರಿಯರಿಗೆ ನೆನಪಿಸಬೇಕು. "ಹಳೇ ಕಾಲದವರು" ಅಂತ ಅವರನ್ನು ಪಕ್ಕಕ್ಕೆ ತಳ್ಳಿದರೆ, ಲಘು ಗುರು ಹೇಳಿಕೊಡಲು ನಾಳೆ ನಿಮಗೆ ಯಾರೂ ಸಿಗುವುದಿಲ್ಲ.

"ತೆಲುಗು ಗುಂಪಿಗೆ ಹೋಗಲಿ" ಎಂಬ ಮಾತು ಮಾತ್ರ ನನಗೆ ತುಂಬಾ ಬೇಸರ ತಂದಿತು. ಆ ಮಾತನ್ನು ಯಾವ ನೆಲದ ಮೇಲೆ ನಿಂತು ಆಡಿದರು ನೋಡಿ. ನಿಮ್ಮ ಚಿಂತಾಮಣಿ ತಾಲ್ಲೂಕಿನ ಕೈವಾರದ ಸಂತ ತಾತಯ್ಯ ಕನ್ನಡದಲ್ಲೂ ಹಾಡಿದರು, ತೆಲುಗಿನಲ್ಲೂ ಹಾಡಿದರು. ಅವರ ಮಠಕ್ಕೆ ಹೋದರೆ ಇವತ್ತಿಗೂ ಎರಡೂ ಭಾಷೆಯ ಪದ ಕಿವಿಗೆ ಬೀಳುತ್ತದೆ. ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು. 1983ರ ಜ್ಞಾನಪೀಠ ಅವರಿಗೆ ಬಂದದ್ದು ಕನ್ನಡದಲ್ಲಿ ಬರೆದಿದ್ದಕ್ಕೆ. ಬಾಗೇಪಲ್ಲಿಯ ಹೆಸರಿನಲ್ಲಿರುವ 'ಪಲ್ಲಿ'ಯೇ ನಮ್ಮ 'ಹಳ್ಳಿ'ಯ ಅಕ್ಕ ತಂಗಿ. ಮನೆಯಲ್ಲಿ ಅಪ್ಪನನ್ನು ನಾಯನ ಅಂತ ಕರೆದು, ಬರೆಯುವುದಕ್ಕೆ ಕೂತಾಗ ಕನ್ನಡವನ್ನು ಆರಿಸಿಕೊಂಡ ಹುಡುಗಿಗೆ ನಾವು ಹೇಳಬೇಕಾದ ಮಾತು ಅದಲ್ಲ.

ಆ ಪದ ಬೇಕೋ ಬೇಡವೋ ಅಂತ ಚರ್ಚೆ ಮಾಡಬಹುದು. ಅದು ತಪ್ಪಲ್ಲ. ಧಾರವಾಡದವರಿಗೆ, ಪುತ್ತೂರಿನವರಿಗೆ ನಾಯನ ಗೊತ್ತಿರುವುದಿಲ್ಲ. "ಕೆಳಗೆ ಒಂದು ಅಡಿಟಿಪ್ಪಣಿ ಕೊಡಿ" ಎನ್ನಬಹುದು. "ಕವಿತೆಯ ಮೊದಲಲ್ಲೇ ನಾಯನ ಒಂದು ಸಲ ಬಂದು ಹೋದರೆ ಕೊನೆಯಲ್ಲಿ ಗೊಂದಲ ಇರುವುದಿಲ್ಲ" ಎನ್ನಬಹುದು. ನನ್ನ ಅಭಿಪ್ರಾಯ ಕೇಳಿದರೆ ಅಡಿಟಿಪ್ಪಣಿ ಬೇಡ. ಮೊದಲ ಸಾಲಲ್ಲಿ ಅಪ್ಪ ಕಾಣಿಸಿಕೊಳ್ಳಲಿ, ಆ ಪದ ತಾನೇ ತನ್ನ ಅರ್ಥ ಹೇಳುತ್ತದೆ. ನೀವು ಇದನ್ನು ಒಪ್ಪದೇ ಇರಬಹುದು.

ಈಗ ಮೆಚ್ಚುಗೆ ಮಾತ್ರ ಇರಲಿ ಎನ್ನುವ ಸಲಹೆ. ನಾನು ಇದನ್ನು ಮಾಡಿ ನೋಡಿದ್ದೇನೆ. ಕೆಲವು ವರ್ಷದ ಹಿಂದೆ ನಾನಿದ್ದ ಒಂದು ಗುಂಪಿನಲ್ಲಿ ಇಂಥದೇ ಜಗಳ ಆಗಿ, ಆರು ತಿಂಗಳು ಟೀಕೆ ನಿಲ್ಲಿಸಿದೆವು. ತೀರ್ಮಾನ ನನ್ನದೇ. ಮೊದಲ ತಿಂಗಳು ತುಂಬಾ ಹಾಯಾಗಿತ್ತು. ಎಲ್ಲರೂ ಚಪ್ಪಾಳೆ ಹಾಕುತ್ತಿದ್ದರು. "ಸೂಪರ್ ಸರ್", "ಅದ್ಭುತ ಮೇಡಂ." ಎರಡನೇ ತಿಂಗಳಿಗೆ ಕವಿತೆ ಹಾಕಿದ ಅರ್ಧ ನಿಮಿಷದಲ್ಲಿ ಚಪ್ಪಾಳೆ ಬರತೊಡಗಿತು. ಅರ್ಧ ನಿಮಿಷದಲ್ಲಿ ನಲವತ್ತು ಸಾಲು ಓದಲಾಗುವುದಿಲ್ಲ. ಓದದೇ ಹಾಕಿದ ಚಪ್ಪಾಳೆ ಅಂತ ಬರೆದವರಿಗೂ ಗೊತ್ತಾಗುತ್ತಿತ್ತು. ನಾಲ್ಕನೇ ತಿಂಗಳಲ್ಲಿ ಚೆನ್ನಾಗಿ ಬರೆಯುವ ಐದಾರು ಜನ ಸದ್ದಿಲ್ಲದೆ ಹೊರಗೆ ಹೋದರು. ಅವರಿಗೆ ಬೇಕಿದ್ದದ್ದು ಓದುಗರು. ಅದಕ್ಕಿಂತ ಕೆಟ್ಟದ್ದು ಇನ್ನೊಂದಾಯಿತು. ಆರು ತಿಂಗಳು ಬರೀ ಮೆಚ್ಚುಗೆ ಕೇಳಿದ ಕಿವಿಗೆ "ಮೂರನೇ ಸಾಲು ಸ್ವಲ್ಪ ಎಳೆಯಿತು" ಎಂಬ ಸಾದಾ ಮಾತೂ ಹಗೆಯ ಮಾತಿನ ಹಾಗೆ ಕೇಳತೊಡಗಿತು. ಟೀಕೆಗೆ ಮತ್ತೆ ಬಾಗಿಲು ತೆಗೆದ ದಿನವೇ ಇನ್ನೂ ದೊಡ್ಡ ಜಗಳ ಆಯಿತು. ಅದಕ್ಕೇ ಹೇಳುತ್ತಿದ್ದೇನೆ, ಆ ದಾರಿ ಬೇಡ. ಓದಿ ಹೇಳಿದ ಸಣ್ಣ ಆಕ್ಷೇಪಗಳು ದಿನಾ ಬರುತ್ತಿದ್ದರೆ ದೊಡ್ಡ ಸ್ಫೋಟಕ್ಕೆ ಮದ್ದು ಕೂಡಿಕೊಳ್ಳುವುದಿಲ್ಲ.

ಮೆಚ್ಚುಗೆಗೂ ಅದೇ ನಿಯಮ ಇರಲಿ. ಚೆನ್ನಾಗಿದೆ ಎನ್ನುವವರೂ ಯಾವ ಸಾಲು ಅಂತ ಹೇಳಲಿ. ನಾವು ಟೀಕೆ ಮಾಡುವವರಿಂದ ಮಾತ್ರ ಲೆಕ್ಕ ಕೇಳುತ್ತೇವೆ. ಹೊಗಳುವವರಿಂದಲೂ ಕೇಳಬೇಕು.

ಇಷ್ಟೆಲ್ಲ ಮಾಡಿದರೂ ಒಂದು ರಾತ್ರಿ ಬೆಂಕಿ ಹತ್ತಬಹುದು. ಆಗ ನೀವು ಮಾಡಬೇಕಾದದ್ದು ಬೇಗ ಹೇಳುತ್ತೇನೆ. ಉತ್ತರ ಪ್ರತ್ಯುತ್ತರದ ವೇಗ ಏರಿತು ಅಂತ ಕಂಡ ಕೂಡಲೇ, ಅಡ್ಮಿನ್ ಮಾತ್ರ ಬರೆಯುವ ಹಾಗೆ ಗುಂಪನ್ನು ಬದಲಾಯಿಸಿ. "ನಾಳೆ ಬೆಳಿಗ್ಗೆ ಹತ್ತಕ್ಕೆ ಮತ್ತೆ ತೆಗೆಯುತ್ತೇನೆ, ಮಾತು ಅಲ್ಲಿಂದಲೇ ಮುಂದುವರಿಯಲಿ" ಅಂತ ಒಂದೇ ಸಾಲು ಹಾಕಿ. ಯಾರು ಸರಿ, ಯಾರು ತಪ್ಪು ಅಂತ ಆ ರಾತ್ರಿ ಬರೆಯಬೇಡಿ. ಹೇಳಿದ ಹೊತ್ತಿಗೆ ಸರಿಯಾಗಿ ತೆಗೆಯಿರಿ. ತೆಗೆಯದೇ ಹೋದರೆ ಬಾಯಿ ಮುಚ್ಚಿಸಿದ ಹಾಗಾಗುತ್ತದೆ. ಕಳಿಸಿದ ಮಾತನ್ನು 15 ನಿಮಿಷದೊಳಗೆ ತಿದ್ದಬಹುದು ಅಂತ ಸದಸ್ಯರಿಗೆ ಹೇಳಿಕೊಡಿ. ಎಷ್ಟೋ ಹಿರಿಯರಿಗೆ ಈ ಸೌಲಭ್ಯ ಇರುವುದೇ ಗೊತ್ತಿಲ್ಲ. 'ಬಾ' ಅಂತ ಬರೆದವರು 'ಬನ್ನಿ' ಅಂತ ತಿದ್ದಿದರೆ ಅಲ್ಲಿಗೇ ಎಷ್ಟೋ ತಣ್ಣಗಾಗುತ್ತದೆ. ಕದ್ದ ಕವಿತೆ ಎಂಬ ಆರೋಪ ಮಾತ್ರ ಗುಂಪಿನಲ್ಲಿ ಬರಲೇಬಾರದು. ಎರಡೂ ಕವಿತೆಗಳನ್ನು ಪಕ್ಕಪಕ್ಕ ಇಟ್ಟು ನಿಮಗೆ ಮೊದಲು ಕಳಿಸಲಿ. ನೀವು ಬರೆದವರ ಹತ್ತಿರ ಫೋನಿನಲ್ಲಿ ಮಾತಾಡಿ.

ಜಾತಿ ಮಾತಿನ ವಿಷಯ ಬೇರೆ. ಅದನ್ನು ಭಿನ್ನಾಭಿಪ್ರಾಯದ ಲೆಕ್ಕಕ್ಕೆ ಸೇರಿಸಬೇಡಿ. ಅಲ್ಲಿ ಎರಡು ಕಡೆ ಅಂತ ಇಲ್ಲ. ಸಾಕ್ಷಿಗೆ ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆಮೇಲೆ ಯಾರಿಗೂ ಕಾಣದ ಹಾಗೆ ಅಳಿಸಿ. ಅಡ್ಮಿನ್‌ಗೆ ಆ ಅವಕಾಶ ಇದೆ. ಬರೆದವರನ್ನು ಅವತ್ತೇ ಹೊರಗೆ ಕಳಿಸಿ. ಯಾರನ್ನು ಅಂದರೋ ಅವರಿಗೆ ನೀವೇ ಫೋನ್ ಮಾಡಿ. ಪರಿಶಿಷ್ಟ ಜಾತಿ, ಪಂಗಡದವರನ್ನು ಜನರ ಮುಂದೆ ಜಾತಿ ಹಿಡಿದು ಅವಮಾನ ಮಾಡುವುದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. ದೂರು ಕೊಡುವುದು ಬಿಡುವುದು ನೊಂದವರ ತೀರ್ಮಾನ. "ಗುಂಪಿನ ಮರ್ಯಾದೆ ಹೋಗುತ್ತೆ, ಬೇಡ ಬಿಡಿ" ಅಂತ ನೀವು ಅವರನ್ನು ಒತ್ತಾಯ ಮಾಡಬೇಡಿ. ಇನ್ನು ನಿಮ್ಮ ಭಯದ ಬಗ್ಗೆ. ಸದಸ್ಯರೊಬ್ಬರು ಹಾಕಿದ್ದಕ್ಕೆ, ಬರೀ ಅಡ್ಮಿನ್ ಆಗಿದ್ದ ಮಾತ್ರಕ್ಕೆ ಒಬ್ಬರನ್ನು ಹೊಣೆ ಮಾಡಲಾಗದು ಅಂತ ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಅದಕ್ಕೂ ಮೊದಲು ಬಾಂಬೆ ಹೈಕೋರ್ಟಿನ ನಾಗಪುರ ಪೀಠವೂ ಇದೇ ರೀತಿ ಹೇಳಿತ್ತು. ಆದರೆ ನೀವೇ ಆ ಮಾತಿಗೆ ಕೈ ಜೋಡಿಸಿದರೆ ಆ ರಕ್ಷಣೆ ಸಿಗುವುದಿಲ್ಲ. ಕೇಸು ಅಂತ ಏನಾದರೂ ಬಂದರೆ ವಕೀಲರನ್ನೇ ಕೇಳಿ.

ಆ ಹಿರಿಯರ ಜೊತೆ ಹೇಗೆ ಮಾತಾಡುವುದು ಅಂತ ನೀವು ಕೇಳಿಲ್ಲ. ಆದರೆ ಇಡೀ ವಿಷಯ ಅಲ್ಲೇ ನಿಂತಿದೆ. ಅವರಿಗೆ ಸಂದೇಶ ಕಳಿಸಬೇಡಿ. ಮನೆಗೆ ಹೋಗಿ. ಅವರು ಚಿಂತಾಮಣಿಯಲ್ಲೇ ಇದ್ದರೆ ಇನ್ನೂ ಒಳ್ಳೆಯದು. ಮೊದಲು ಆ ಮೂರು ಸಾಲನ್ನು ಗಟ್ಟಿಯಾಗಿ ಓದಿ ತೋರಿಸಿ. ನಾಯನ ಎಂಬಲ್ಲಿ ನಿಲ್ಲಿ. ನಯನದ ನೆರಳಿನ ಬಗ್ಗೆಯೂ ಹೇಳಿ, "ಅದು ನಿಮ್ಮಿಂದಲೇ ಕಂಡದ್ದು" ಅಂತ ಅವರಿಗೆ ಹೇಳಿ. ಕವಿತೆ ಬಲ್ಲ ಮನುಷ್ಯ ಅದನ್ನು ಕೇಳಿ ಸುಮ್ಮನಿರಲಾರ. ಆಮೇಲೆ ಒಂದೇ ಒಂದು ಕೋರಿಕೆ ಇಡಿ. ಆ ಹುಡುಗಿಗೆ ಅವರು ಒಂದು ಮಾತು ಹೇಳಬೇಕು, ಅದೂ ಗುಂಪಿನಲ್ಲೇ ಹೇಳಬೇಕು.

ಗುಂಪಿನಲ್ಲೇ ಯಾಕೆ ಅಂದರೆ, ನೋವಾದದ್ದು ಇನ್ನೂರು ಜನರ ಮುಂದೆ. ಗುಟ್ಟಾಗಿ ಕೇಳಿದ ಕ್ಷಮೆ ಆ ಇನ್ನೂರು ಜನರಿಗೆ ತಲುಪುವುದಿಲ್ಲ. ಹುಡುಗಿಗೆ ಕಾಗುಣಿತ ಬಾರದು ಅಂತಲೇ ಅವರ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ನಮ್ಮ ತುಮಕೂರಿನ ಪಕ್ಕದ ಗೂಳೂರಿನ ಸಿದ್ಧವೀರಣ್ಣೊಡೆಯರು ಶರಣರ ಸಂವಾದಗಳನ್ನು ಹೆಣೆದ ಶೂನ್ಯಸಂಪಾದನೆಯನ್ನು ಸಂಕಲಿಸಿದವರಲ್ಲಿ ಒಬ್ಬರು. ಅದರಲ್ಲಿ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮ ಕೇಳುವ ಪ್ರಶ್ನೆಗಳು ಇಂದಿಗೂ ಮೈ ನಡುಗಿಸುತ್ತವೆ. ತುಂಬಿದ ಸಭೆಯಲ್ಲಿ ಕೇಳುತ್ತಾನೆ, ಕರುಣೆ ತೋರಿಸದೆ ಕೇಳುತ್ತಾನೆ. ಅಕ್ಕ ಒಂದೊಂದಕ್ಕೂ ಉತ್ತರ ಕೊಡುತ್ತಾಳೆ. ಕೊನೆಗೆ ಅವಳ ದೊಡ್ಡತನವನ್ನು ಅಲ್ಲಮ ಒಪ್ಪಿ ಹೇಳುವುದೂ ಅದೇ ಸಭೆಯಲ್ಲಿ. ಪಾಠ ಹೇಳುವಾಗ ನಾನು ಆ ಭಾಗಕ್ಕೆ ಬಂದಾಗಲೆಲ್ಲ ಇಲ್ಲಿ ನಿಲ್ಲುತ್ತಿದ್ದೆ. ಎಲ್ಲರ ಮುಂದೆ ಕಠಿಣ ಪ್ರಶ್ನೆ ಕೇಳಿದವನು ಎಲ್ಲರ ಮುಂದೆಯೇ ತಲೆಬಾಗಿದ.

ಹಿರಿಯರು ಏನು ಬರೆಯಬೇಕು ಅಂತ ಕೇಳಿದರೆ ಉದ್ದ ಬೇಡ ಎನ್ನಿ. "ನಾನು ನಾಯನ ಅನ್ನುವುದನ್ನು ನಯನ ಅಂತ ಓದಿಕೊಂಡು ಅವಸರದಲ್ಲಿ ಬರೆದೆ. ಮಾತು ಒರಟಾಯಿತು. ಕ್ಷಮಿಸಿ. ಆ ಸಾಲು ಚೆನ್ನಾಗಿದೆ. ಛಂದಸ್ಸಿನ ಬಗ್ಗೆ ನನ್ನ ಅಭಿಪ್ರಾಯ ಹಾಗೇ ಇದೆ, ಅದನ್ನು ಇನ್ನೊಮ್ಮೆ ಮಾತಾಡೋಣ." ಇಷ್ಟು ಸಾಕು. ಕೊನೆಯ ವಾಕ್ಯ ತೆಗೆಸಬೇಡಿ. ಅವರು ತಮ್ಮ ಅಭಿಪ್ರಾಯ ಬಿಡಬೇಕಾಗಿಲ್ಲ. "ಬೇಸರವಾಗಿದ್ದರೆ ಕ್ಷಮೆ ಇರಲಿ" ಎನ್ನುವ ಮಾತು ಮಾತ್ರ ಬೇಡ. ಬೇಸರ ಆಗಿದೆ, ಅದರಲ್ಲಿ 'ದ್ದರೆ' ಇಲ್ಲ. ಹಿರಿಯರನ್ನು ಚುಚ್ಚಿದವರೂ ಅಲ್ಲೇ ಒಂದು ಸಾಲು ಬರೆಯಲಿ.

ಬರೆಯಲು ಹಿರಿಯರು ಒಪ್ಪದಿದ್ದರೆ? ಬಲವಂತ ಮಾಡಬೇಡಿ. ಆಗ ನೀವೇ ಬರೆಯಿರಿ. "ಆ ರಾತ್ರಿ ಅಡ್ಮಿನ್ ಆಗಿ ನಾನು ತಡೆಯಬೇಕಿತ್ತು, ತಡೆಯಲಿಲ್ಲ" ಅಂತ ಹೇಳಿ, ಕವಿತೆಯ ಬಗ್ಗೆ ನೀವು ಏನು ಓದಿಕೊಂಡಿರಿ ಅಂತ ನಾಲ್ಕು ಸಾಲು ಬರೆಯಿರಿ. ಅದನ್ನು ನೋಡಿ ಬೇರೆಯವರೂ ಬರೆಯುತ್ತಾರೆ. ಜಗಳದ ಕೆಳಗೆ ಹೂತುಹೋದ ಕವಿತೆ ಮೇಲೆ ಬರುತ್ತದೆ.

ಮೂರು ತಿಂಗಳಿಗೊಮ್ಮೆಯಾದರೂ ಮುಖ ನೋಡಿ ಸೇರಿ. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರದವರ ಹುಣ್ಣಿಮೆ ಹಾಡು ನಿಮಗೆ ಗೊತ್ತೇ ಇರುತ್ತದೆ. ನೆಲದ ಮೇಲೆ ಕೂತು, ಬೆಳದಿಂಗಳಲ್ಲಿ ಒಬ್ಬರ ಹಾಡು ಇನ್ನೊಬ್ಬರು ಕೇಳುವುದು. ನೀವು ಕೈವಾರದಲ್ಲಿ ಸೇರಿ, ಶಿಡ್ಲಘಟ್ಟದಲ್ಲಿ ಯಾರದಾದರೂ ರೇಷ್ಮೆ ಮನೆಯ ಜಗಲಿಯಲ್ಲಿ ಸೇರಿ. ಭಾನುವಾರ ಬೆಳಿಗ್ಗೆ ಎರಡು ಗಂಟೆ ಸಾಕು. ಒಂದು ಪದ್ಧತಿ ಮಾಡಿ. ಯಾರೂ ತಮ್ಮ ಕವಿತೆ ಓದುವಂತಿಲ್ಲ, ಬೇರೆಯವರ ಕವಿತೆಯನ್ನೇ ಓದಬೇಕು. ಇನ್ನೊಬ್ಬರ ಸಾಲು ತನ್ನ ಬಾಯಲ್ಲಿ ಬಂದಾಗ ಅದು ಎಲ್ಲಿ ಎಡವುತ್ತದೆ, ಎಲ್ಲಿ ಹಾರುತ್ತದೆ ಅಂತ ನಾಲಿಗೆಗೇ ಗೊತ್ತಾಗುತ್ತದೆ. ಒಮ್ಮೆ ಹೀಗೆ ಓದಿದವರು ಆ ಕವಿಯ ಬಗ್ಗೆ ಒರಟಾಗಿ ಬರೆಯುವುದನ್ನು ನಾನು ನೋಡಿಲ್ಲ.

ಆ ಹುಡುಗಿಗೆ ಇವತ್ತೇ ಬರೆಯಿರಿ. ಗುಂಪಿನಲ್ಲಿ ಬೇಡ, ಅವರೊಬ್ಬರಿಗೇ. "ಮತ್ತೆ ಬರೆಯಿರಿ" ಅಂತ ಒತ್ತಾಯ ಬೇಡ, ಸಮಾಧಾನದ ಮಾತೂ ಬೇಡ. ಅವತ್ತು ಯಾರೂ ಕೇಳದ ಪ್ರಶ್ನೆಯನ್ನು ಕೇಳಿ. "ನಾಯನ ಎಂಬ ಪದ ಅಲ್ಲಿ ಹೇಗೆ ಬಂತು? ನಯನವೂ ಮನಸ್ಸಿನಲ್ಲಿತ್ತೇ?" ಉತ್ತರ ಬರದಿದ್ದರೆ ಇನ್ನೊಮ್ಮೆ ಕೇಳಬೇಡಿ, ಕಾಯಿರಿ. ಬಂದರೆ, ಅವರ ಒಪ್ಪಿಗೆ ಇದ್ದರೆ, ಪೂರ್ತಿ ಕವಿತೆಯನ್ನು ನನಗೂ ಕಳಿಸಿ. ನೀವು ಕಳಿಸಿರುವುದು ಕೊನೆಯ ಮೂರು ಸಾಲು ಮಾತ್ರ.